ಸೋಸಿ ತಂದ ನೀರು

ಆ ಕೆಂಪು ಕಡ್ಡಿಯನ್ನು ನಾನು ನಿಜವಾಗಿಯೂ ನೋಡಿದೆನೇ ಎಂಬುದು ನನಗೆ ಇವತ್ತಿಗೂ ಖಾತ್ರಿ ಇಲ್ಲ. ನೋಡಿದೆ ಎಂದು ಅವತ್ತು ಬಾಯಿಬಿಟ್ಟು ಹೇಳಿದ್ದು ಮಾತ್ರ ನಿಜ. "ಹೌದಕ್ಕ, ಐತೆ" ಅಂದೆ. ಆ ಮಾತಿನ ಮೇಲೆ ಒಬ್ಬ ಹೆಂಗಸು ಆರು ತಿಂಗಳು ಮಾತ್ರೆ ನುಂಗಿದರು.

ನನ್ನ ನೆನಪಿನಲ್ಲಿ ಆ ಮಧ್ಯಾಹ್ನದ ಎರಡು ಚಿತ್ರಗಳಿವೆ. ಒಂದರಲ್ಲಿ ನಾನು ಮೈಕ್ರೋಸ್ಕೋಪಿನ ಮೇಲೆ ಬಗ್ಗಿದ್ದೇನೆ. ನೀಲಿ ಹಿನ್ನೆಲೆಯಲ್ಲಿ ಸಣ್ಣಗೆ, ಒಂದು ತುದಿ ಬಾಗಿದ ಕೆಂಪು ಕಡ್ಡಿ ಬಿದ್ದಿದೆ. ಇನ್ನೊಂದರಲ್ಲಿ ನನ್ನ ಕಣ್ಣು ಮಂಜಾಗಿದೆ, ಕಾಣುವುದು ಬರೀ ನೀಲಿ, ಆದರೂ ನಾನು ಹೌದು ಅನ್ನುತ್ತಿದ್ದೇನೆ. ಯಾವುದು ಮೊದಲಿನದು, ಯಾವುದು ಆಮೇಲೆ ನಾನೇ ಕಟ್ಟಿಕೊಂಡದ್ದು, ಹೇಳಲಾರೆ. ಈ ಕಥೆಯನ್ನು ಅಲ್ಲಿ ಇಲ್ಲಿ ಹೇಳಿದ್ದೇನೆ. ಹೇಳಿದಷ್ಟು ಸಲವೂ ಆ ಕಡ್ಡಿ ಇನ್ನಷ್ಟು ಕೆಂಪಾಗುತ್ತಾ ಬಂತು. ನನ್ನ ನೆನಪಿನ ಮೇಲೆ ನನಗೆ ಅನುಮಾನ ಹುಟ್ಟಿದ್ದೇ ಅದರಿಂದ.

ಅನುಮಾನ ಪಡುವುದನ್ನು ನನಗೆ ಕಲಿಸಿದ್ದು ವಿಶ್ವವಿದ್ಯಾಲಯ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಮ್ಮೆಸ್ಸಿ ಮಾಡಿದೆ. ಆಮೇಲೆ ಔಷಧಿ ಕಾರ್ಖಾನೆಯೊಂದರಲ್ಲಿ ಒಂದಿಷ್ಟು ದಿನ, ಖಾಸಗಿ ಕಾಲೇಜಿನಲ್ಲಿ ಒಂದಿಷ್ಟು ದಿನ ಇದ್ದೆ. ಎಲ್ಲೂ ಕಾಲು ನಿಲ್ಲಲಿಲ್ಲ. ಕೊನೆಗೆ ನಮ್ಮೂರು ಕೆ. ಹೊಸಕೋಟೆಗೆ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಒಂದು ಸರ್ಕಾರಿ ಆಸ್ಪತ್ರೆಯ ಲ್ಯಾಬಿಗೆ ಗುತ್ತಿಗೆ ಮೇಲೆ ಸೇರಿದೆ. ಆರು ತಿಂಗಳು ಇದ್ದು ಬಿಡೋಣ ಅಂದುಕೊಂಡಿದ್ದೆ. ಇನ್ನೂ ಬಿಟ್ಟಿಲ್ಲ.

ನಾನು ನಿಂತದ್ದು ಅಕ್ಕನ ದೆಸೆಯಿಂದ. ಅಕ್ಕ ಅಂದರೆ ನನ್ನ ಒಡಹುಟ್ಟಿದವರಲ್ಲ. ಆ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ವಾರ್ಡಿನ ಆಯಾಳಿಂದ ಹಿಡಿದು ಡಾಕ್ಟರವರೆಗೆ ಎಲ್ಲರಿಗೂ ಅವರು ಅಕ್ಕ. ಸುತ್ತಲಿನ ಹಳ್ಳಿಗಳವರು, ಎಸ್ಟೇಟಿನ ಕೂಲಿಲೈನುಗಳವರು ಕೆಮ್ಮಿ ಡಬ್ಬಿಯಲ್ಲಿ ಕೊಟ್ಟ ಕಫವನ್ನೆಲ್ಲ ಮೂವತ್ತು ವರ್ಷ ಒಂದೇ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದವರು. ಗಾಜಿನ ಪಟ್ಟಿಯ ಮೇಲೆ ಸವರಿ, ಕೆಂಪು ಬಣ್ಣ ಹಾಕಿ ಕಾಯಿಸಿ, ಆಮ್ಲದಲ್ಲಿ ತೊಳೆದು, ನೀಲಿ ಬಣ್ಣ ಹಚ್ಚಿದರೆ, ಕ್ಷಯದ ಕ್ರಿಮಿ ಮಾತ್ರ ಕೆಂಪಾಗಿ ಉಳಿಯುತ್ತದೆ. ಅದನ್ನು ಹುಡುಕಬೇಕು. ನೂರು ಜಾಗ ನೋಡದೆ "ಇಲ್ಲ" ಎಂದು ಬರೆಯಬಾರದು. ಅಕ್ಕ ನೂರನ್ನೂ ನೋಡುತ್ತಿದ್ದರು. ನೋಡುವಾಗ ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದರು.

"ಏನ್ ಎಮ್ಮೆಸ್ಸಿ, ಎಷ್ಟ್ ಆಯ್ತು?" ಎಂದು ನನ್ನನ್ನು ಕೇಳುತ್ತಿದ್ದರು. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದು ಕಡಿಮೆ.

"ಅರವತ್ತು."

"ಸುಳ್ಳ್ ಹೇಳ್ಬೇಡ ಕಣೋ. ಅರವತ್ ನೋಡಿದ್ ಮುಖ ಹಿಂಗಿರಲ್ಲ."

ಸುಳ್ಳೇ ಆಗಿರುತ್ತಿತ್ತು. ಮೂವತ್ತಕ್ಕೆ ನನಗೆ ಬೇಸರ ಬರುತ್ತಿತ್ತು.

ಅಕ್ಕ ನಿವೃತ್ತರಾಗುವ ಹಿಂದಿನ ವರ್ಷ ನಮ್ಮ ಲ್ಯಾಬಿಗೆ ಹೊಸ ಮಿಶನ್ ಬಂತು. ಕ್ರಿಮಿಯನ್ನು ನೋಡುವ ಕೆಲಸ ಅದಕ್ಕಿಲ್ಲ. ಕ್ರಿಮಿಯ ಒಳಗಿನ ವಂಶವಾಹಿಯ ತುಣುಕನ್ನು ಹುಡುಕಿ, ಅದನ್ನೇ ಲಕ್ಷಗಟ್ಟಲೆ ನಕಲು ಮಾಡಿ, ಎರಡು ಗಂಟೆಯೊಳಗೆ "ಪತ್ತೆಯಾಗಿದೆ" ಅಥವಾ "ಪತ್ತೆಯಾಗಿಲ್ಲ" ಅನ್ನುತ್ತದೆ. ಮದ್ದಿಗೆ ಬಗ್ಗದ ತಳಿಯೋ ಎಂಬುದನ್ನೂ ಹೇಳುತ್ತದೆ. ಕಾರ್ಟ್ರಿಡ್ಜಿಗೆ ಸ್ಯಾಂಪಲ್ ಹಾಕಿ ಒಳಗೆ ತಳ್ಳಿದರೆ ಮುಗಿಯಿತು. ನಾನು ಅದಕ್ಕೆ ಭಕ್ತನಾಗಿಬಿಟ್ಟೆ. ಅನುಮಾನದ ಮನುಷ್ಯನಿಗೂ ಎಲ್ಲೋ ಒಂದು ಕಡೆ ತಲೆ ಇಡಲು ಜಾಗ ಬೇಕಲ್ಲ.

"ಅಕ್ಕ, ಮಿಶನ್ ಸುಳ್ಳು ಹೇಳಲ್ಲ" ಎಂದು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದೆ. ಇದನ್ನು ನಾನು ಹೇಳಿದ್ದು ಖಂಡಿತ. ಮುಂದೆ ಆ ಮಾತು ನನಗೇ ವಾಪಸ್ಸು ಬಂತು.

"ಸುಳ್ಳ್ ಹೇಳಲ್ಲ ಸರಿ ಮಾರಾಯ, ಪೂರ್ತಿ ನಿಜಾನೂ ಹೇಳ್ತದಾ ಕೇಳು" ಅನ್ನುತ್ತಿದ್ದರು.

ಕಫದ ವಿಷಯದಲ್ಲಿ ಮಿಶನ್ ಗೆದ್ದದ್ದನ್ನು ಅಕ್ಕ ಒಂದೇ ತಿಂಗಳಲ್ಲಿ ಒಪ್ಪಿಕೊಂಡರು. ಅವರ ಕಣ್ಣಿಗೆ ಸಿಗದ್ದು ಅದಕ್ಕೆ ಸಿಗುತ್ತಿತ್ತು. ನಮ್ಮ ಜಗಳ ಉಳಿದದ್ದು ಎದೆನೀರಿನ ಬಗ್ಗೆ. ಕ್ಷಯ ಕೆಲವರಲ್ಲಿ ಶ್ವಾಸಕೋಶದ ಒಳಗೆ ಕೂರದೆ ಅದರ ಹೊರಗಿನ ಪೊರೆಗೆ ತಗಲುತ್ತದೆ. ಪೊರೆಯ ನಡುವೆ ನೀರು ತುಂಬುತ್ತದೆ, ಉಸಿರೆಳೆದರೆ ಪಕ್ಕೆ ಚುಚ್ಚುತ್ತದೆ. ಡಾಕ್ಟರು ಬೆನ್ನಿನ ಕಡೆಯಿಂದ ಸೂಜಿ ಹಾಕಿ ನೀರು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ತೊಂದರೆ ಏನೆಂದರೆ ಆ ನೀರಿನಲ್ಲಿ ಕ್ರಿಮಿ ಬಹಳ ಕಡಿಮೆ. ರೋಗ ಪೊರೆಯಲ್ಲಿರುತ್ತದೆ, ನಮ್ಮ ಕೈಗೆ ಬರುವುದು ನೀರು.

ಹಾಗಾಗಿ ಇಬ್ಬರೂ ಸೇರಿ ಒಂದು ನೋಟ್‌ಬುಕ್ ಇಟ್ಟೆವು. ಎದೆನೀರು ಬಂದಾಗಲೆಲ್ಲ ಒಂದು ಭಾಗ ಮಿಶನ್‌ಗೆ, ಒಂದು ಭಾಗ ಅಕ್ಕನ ಗಾಜಿಗೆ. ಎಡಗಡೆ ಅವರ ಫಲಿತಾಂಶ, ಬಲಗಡೆ ಮಿಶನ್ನಿನದು, ಕೊನೆಗೆ ರೋಗಿ ಏನಾದ ಎಂಬ ಕಾಲಂ. ಅದು ಅಧ್ಯಯನ ಅನ್ನಿಸಿಕೊಳ್ಳುವಷ್ಟು ದೊಡ್ಡದಲ್ಲ. ಅಂಕಿ ಹೇಳಿದರೆ ನನ್ನ ಮೇಷ್ಟರುಗಳು ನಗುತ್ತಾರೆ. ಎಡಗಡೆ ಹೆಚ್ಚುಕಮ್ಮಿ ಎಲ್ಲವೂ "ಇಲ್ಲ". ಬಲಗಡೆ ಅಲ್ಲೊಂದು ಇಲ್ಲೊಂದು "ಪತ್ತೆಯಾಗಿದೆ". ಆದರೆ ಎರಡೂ ಕಡೆ ಇಲ್ಲ ಅಂದವರಲ್ಲಿ ಎಷ್ಟೋ ಜನಕ್ಕೆ ಡಾಕ್ಟರು ನೀರಿನ ಉಳಿದ ಲಕ್ಷಣ ನೋಡಿ ಕ್ಷಯದ ಮದ್ದನ್ನೇ ಕೊಟ್ಟರು, ಅವರು ಗುಣವಾದರು. ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟು ಅಕ್ಕ ಒಮ್ಮೆ ಹೇಳಿದ್ದರು: "ನಿಂದೂ ಸೋತಿತು, ನಂದೂ ಸೋತಿತು. ನಂದು ಜಾಸ್ತಿ ಸೋತಿತು, ಅಷ್ಟೇಯ."

ಎದೆನೀರಿನ ಬಗ್ಗೆ ಅವರು ನನಗೆ ಕಲಿಸಿದ್ದರಲ್ಲಿ ಮುಖ್ಯವಾದದ್ದು ಒಂದು. ಕ್ಷಯದ ನೀರನ್ನು ಒಂದು ರಾತ್ರಿ ಸುಮ್ಮನೆ ಇಟ್ಟರೆ ಅದರಲ್ಲಿ ಜೇಡರ ಬಲೆಯಂಥ ಗರಣೆ ಕಟ್ಟುತ್ತದೆ. ಇದ್ದಬದ್ದ ಒಂದೆರಡು ಕ್ರಿಮಿ ಅದರಲ್ಲೇ ಸಿಕ್ಕಿಕೊಂಡಿರುತ್ತವೆ. "ಬಲೆ ಬಿಸಾಕಿ ನೀರ್ ತರಬ್ಯಾಡಿ" ಎಂದು ಅವರು ವಾರ್ಡಿನ ನರ್ಸುಗಳಿಗೆ ಮೂವತ್ತು ವರ್ಷ ಹೇಳಿದ್ದರು. ನನಗೂ ಹೇಳಿದ್ದರು: ನೀರು ಬಂದ ತಕ್ಷಣ ಬಾಟಲಿ ಬೆಳಕಿಗೆ ಹಿಡಿ, ಬಲೆ ಐತಾ ನೋಡು, ಇಲ್ಲ ಅಂದ್ರೆ ಎಲ್ಲ್ಹೋಯ್ತು ಅಂತ ಕೇಳು.

ನಿವೃತ್ತರಾದ ಮೇಲೆ ಅಕ್ಕ ಗಂಡನ ಊರಿಗೆ ಹೋದರು. ಮಾರನಹಳ್ಳಿಯ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಘಾಟಿ ಇಳಿಯುವ ಲಾರಿಗಳ ಬ್ರೇಕಿನ ಸದ್ದು ಮನೆಯೊಳಕ್ಕೂ ಕೇಳುತ್ತದೆ. ಅವರ ಗಂಡನನ್ನು ನಾನು ಭಾವ ಅನ್ನುತ್ತಿದ್ದೆ. ಭಾವ ಒಂದು ದೊಡ್ಡ ಎಸ್ಟೇಟಿನ ಸ್ಟೋರಿನಲ್ಲಿ ಜೀವಮಾನವೆಲ್ಲ ಕೆಲಸ ಮಾಡಿದವರು. ಒಣಗಿ ಬಂದ ಕಾಫಿಬೀಜವನ್ನು ಹೆಂಗಸರು ಸಾಲಾಗಿ ಕೂತು ಆರಿಸುವಾಗ ನೋಡಿಕೊಳ್ಳುವುದು, ಕರಿಬೀಜ, ಒಡಕು, ಹುಳ ಕೊರೆದದ್ದು ಒಂದೂ ಉಳಿಯದಂತೆ ತೆಗೆಸುವುದು ಅವರ ಕೆಲಸ. ವ್ಯಾಪಾರಿಗೆ ಹೋಗುವ ಸ್ಯಾಂಪಲ್ಲನ್ನು ಮಾತ್ರ ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ, ತಾವೇ ಆರಿಸುತ್ತಿದ್ದರು. ಮನೆಯಲ್ಲೂ ಹಾಗೇ. ಅವರು ಆರಿಸಿದ ಅಕ್ಕಿಯಲ್ಲಿ ಕಲ್ಲು ಸಿಕ್ಕಿದ್ದನ್ನು ಅಕ್ಕ ಕಂಡಿಲ್ಲವಂತೆ.

ಒಂದು ಫೆಬ್ರವರಿ, ಅಥವಾ ಮಾರ್ಚ್ ಇರಬೇಕು. ಕಣದಲ್ಲಿ ಮೆಣಸು ಒಣಗುತ್ತಿತ್ತು ಎಂಬ ನೆನಪಿನ ಮೇಲೆ ಹೇಳುತ್ತಿದ್ದೇನೆ. ಅಕ್ಕನಿಗೆ ಸಂಜೆ ಸಂಜೆ ಜ್ವರ ಶುರುವಾಗಿ, ಎಡಪಕ್ಕೆ ಹಿಡಿದುಕೊಂಡಿತು. ಮೆಣಸಿನ ಮೂಟೆ ಎತ್ತಿದ್ದಕ್ಕೆ ಉಳುಕಿದೆ ಎಂದು ಅವರೇ ತೀರ್ಮಾನ ಮಾಡಿಕೊಂಡು ಮೂರು ವಾರ ಎಣ್ಣೆ ತಿಕ್ಕಿದರು. ಸಕಲೇಶಪುರದ ಒಬ್ಬ ಡಾಕ್ಟರು ಎಕ್ಸ್‌ರೇ ತೆಗೆಸಿ, ನೀರು ತುಂಬಿದೆ ಎಂದು ಸೂಜಿ ಹಾಕಿದರು. ಒಂದು ಬಾಟಲಿಯನ್ನು ಉಳಿದ ಪರೀಕ್ಷೆಗೆ ತಾವೇ ಇಟ್ಟುಕೊಂಡು, ಇನ್ನೊಂದನ್ನು ಭಾವನ ಕೈಗೆ ಕೊಟ್ಟು, ಮಿಶನ್ ಇರುವ ನಮ್ಮ ಲ್ಯಾಬಿಗೆ ಮುಟ್ಟಿಸಲು ಹೇಳಿದರು. ಅಷ್ಟರಲ್ಲಿ ಸಂಜೆಯಾಗಿತ್ತು. ಭಾವ ಬಾಟಲಿಯನ್ನು ಮನೆಗೆ ಒಯ್ದು ಫ್ರಿಜ್ಜಿನಲ್ಲಿಟ್ಟು, ಮಾರನೆಯ ದಿನ ಎರಡು ಬಸ್ಸು ಬದಲಿಸಿ ತಂದುಕೊಟ್ಟರು.

ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿ ಟಿಫನ್ ಕ್ಯಾರಿಯರಿನ ಮಧ್ಯದ ಡಬ್ಬಿಯಲ್ಲಿಟ್ಟುಕೊಂಡಿದ್ದರು. ನೀರು ತಿಳಿಜೇನಿನ ಬಣ್ಣ. ಎಷ್ಟು ತಿಳಿ ಅಂದರೆ ಆಚೆಕಡೆಯ ಕಿಟಕಿಯ ಸರಳು ಅದರೊಳಗಿಂದ ಕಾಣುತ್ತಿತ್ತು. ನಾನು ಬೆಳಕಿಗೆ ಹಿಡಿದದ್ದು ಹೌದು. ಬಲೆ ಎಲ್ಲಿ ಎಂದು ಕೇಳಬೇಕಿತ್ತು. ಕೇಳಬೇಕೆನ್ನಿಸಿತು, ಆದರೆ ಭಾವನ ಮುಖ ನೋಡಿ ಸುಮ್ಮನಾದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು. ನನಗೆ ಹೊಳೆಯಲೇ ಇಲ್ಲ. ಮಿಶನ್ ಇರುವಾಗ ಬಲೆ ಯಾರಿಗೆ ಬೇಕು?

"ಏನೂ ಇರಲ್ಲ ಅಲ್ವೇನಪ್ಪ?" ಅಂದರು ಭಾವ.

"ನೋಡ್ತೀನಿ ಭಾವ. ಕೂತ್ಕಳಿ."

ಅವರು ಕೂರಲಿಲ್ಲ. ಎರಡು ಗಂಟೆ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು. ಮಿಶನ್ "ಪತ್ತೆಯಾಗಿಲ್ಲ" ಅಂದಿತು. ಗಾಜಿನಲ್ಲೂ ನನಗೇನೂ ಕಾಣಲಿಲ್ಲ. ಆ ಸಲ ನಾನು ನೂರನ್ನೂ ನೋಡಿದೆ.

ಸಕಲೇಶಪುರದ ಡಾಕ್ಟರು ಇದನ್ನು ಒಪ್ಪಲಿಲ್ಲ. ಅವರಲ್ಲಿದ್ದ ಬಾಟಲಿಯ ನೀರಿನ ಪ್ರೋಟೀನು, ಜೀವಕಣದ ಬಗೆ, ಒಂದು ಕಿಣ್ವದ ಮಟ್ಟ ಎಲ್ಲವೂ ಕ್ಷಯದ ಕಡೆಗೇ ಬೊಟ್ಟು ಮಾಡುತ್ತಿದ್ದವು. ಮದ್ದು ಶುರು ಮಾಡೋಣ ಅಂದರು. ಅಕ್ಕ ಆಗಲ್ಲ ಅಂದುಬಿಟ್ಟರು. ಭಾವ ನನಗೆ ಫೋನ್ ಮಾಡಿ, "ನೀನಾದ್ರೂ ಬಂದು ಹೇಳಪ್ಪ, ನನ್ ಮಾತ್ ಕೇಳಲ್ಲ" ಅಂದರು. ಭಾನುವಾರ ಹೋದೆ.

ಅಕ್ಕ ಜಗಲಿಯಲ್ಲಿ ಬಲಗಡೆಗೆ ವಾಲಿ ಕೂತಿದ್ದರು. ಸೊರಗಿದ್ದರು. ಮಾತಿನ ಮಧ್ಯೆ ಉಸಿರು ತುಂಡಾಗುತ್ತಿತ್ತು. ಆದರೂ ನನ್ನನ್ನು ಕಂಡ ಕೂಡಲೇ, "ಬಂದ್ಬುಟ್ಟ ಎಮ್ಮೆಸ್ಸಿ, ಬುದ್ಧಿ ಹೇಳಾಕೆ" ಅಂದರು.

"ಮದ್ದು ತಗಳಿ ಅಕ್ಕ."

"ಯಾಕ್ ತಗಳ್ಳಿ? ನಿನ್ ಮಿಶನ್ ಏನಂತು?"

"ಇಲ್ಲ ಅಂತು. ಆದ್ರೆ..."

"ಗಾಜು?"

"ಅದೂ ಇಲ್ಲ ಅಂತು."

"ಮತ್ತೆ? ಮಿಶನ್ ಸುಳ್ಳ್ ಹೇಳಲ್ಲ ಅಂತ ಒಂದ್ ವರ್ಷ ನನ್ ಕಿವಿ ಕೊರ್ದೋನು ನೀನೇ ಅಲ್ವೇನೋ."

ನೋಟ್‌ಬುಕ್ಕಿನ ಕೊನೆಯ ಕಾಲಂ ನೆನಪಿಸಿದೆ. ಎರಡೂ ಇಲ್ಲ ಅಂದವರು ಮದ್ದಿನಲ್ಲಿ ಗುಣವಾದದ್ದನ್ನು ಅವರೇ ನನಗೆ ತೋರಿಸಿದ್ದರಲ್ಲ. ಅಕ್ಕ ಕಣದ ಕಡೆ ಮುಖ ತಿರುಗಿಸಿದರು.

ಆಮೇಲೆ ವಿಷಯ ಹೇಳಿದರು. ಮಗಳಿಗೆ ಏಳು ತಿಂಗಳು. ಚೊಚ್ಚಲು. ಬಾಣಂತನಕ್ಕೆ ಇಲ್ಲಿಗೇ ಬರಬೇಕೆಂದು ಎಲ್ಲ ಮಾತಾಗಿತ್ತು. ಅಟ್ಟದಿಂದ ಹಳೆಯ ತೊಟ್ಟಿಲು ಇಳಿಸಿ, ಭಾವ ಅದರ ಸರಪಳಿಗೆ ಎಣ್ಣೆ ಹಾಕಿದ್ದರು. ಎಸ್ಟೇಟ್ ಆಸ್ಪತ್ರೆಯ ನರ್ಸು ಕೂಡ ಮಗುವಿಗೆ ನೀರು ಹಾಕುವುದನ್ನು ಅಕ್ಕನಿಂದ ಕಲಿತವಳಂತೆ. ಊರಿನ ಎಷ್ಟೋ ಮಕ್ಕಳನ್ನು ಕಾಲಮೇಲೆ ಮಲಗಿಸಿಕೊಂಡು ಸ್ನಾನ ಮಾಡಿಸಿದವರು ಅವರು.

"ನಂಗೆ ಟಿ.ಬಿ. ಅಂತ ಒಂದ್ ಸಲ ಕಾಗ್ದದಲ್ ಬರದ್ರೆ ಬೀಗರು ಹುಡ್ಗೀನ ಕಳ್ಸಲ್ಲ ಕಣೋ."

"ಎದೆನೀರಿನ ಟಿ.ಬಿ. ಹಂಗೆಲ್ಲ ಅಂಟಲ್ಲ. ಕಫ ನೋಡ್ಸಿ, ಅದ್ರಲ್ಲಿ ಇಲ್ಲ ಅಂದ್ರೆ..."

"ನಂಗ್ ಹೇಳ್ಕೊಡ್ತೀಯಾ? ಮೂವತ್ ವರ್ಷ ಊರೋರಿಗೆಲ್ಲ ನಾನೇ ಹೇಳೀನಿ, ಹೆದರ್ಬ್ಯಾಡಿ, ಮದ್ ತಗಂಡ್ರೆ ಹೋಯ್ತದೆ ಅಂತ. ನಂಗ್ ಗೊತ್ತಿದ್ರೆ ಸಾಕಾ? ಅವ್ರಿಗ್ ಗೊತ್ತಿರ್ಬೇಕಲ್ಲ. ಮಗಾನ ನನ್ ಕಾಲ್ ಮ್ಯಾಲ್ ಹಾಕ್ಬೇಕಲ್ಲ."

ಅಕ್ಕನಿಗೆ ಆ ಎರಡು "ಇಲ್ಲ"ಗಳು ಬೇಕಾಗಿದ್ದವು. ಒಂದು ನನ್ನದು, ಒಂದು ಮಿಶನ್ನಿನದು. ಮದ್ದಿಲ್ಲದೆ ಇನ್ನೆರಡು ತಿಂಗಳು ತಳ್ಳಿದರೆ ತಾವು ಮಗುವನ್ನು ಎತ್ತಿಕೊಳ್ಳುವ ಸ್ಥಿತಿಯಲ್ಲೇ ಇರುವುದಿಲ್ಲ ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಭಾವ ಕಾಫಿ ಮಾಡುವುದು ನೋಡಲೆಂದೇನೂ ನಾನು ಅಡುಗೆಮನೆಗೆ ಹೋಗಲಿಲ್ಲ. ಅಲ್ಲಿ ಜಗಲಿಯಲ್ಲಿ ಕೂರಲಾಗದೆ ಹೋದೆ. ಅವರು ಬಟ್ಟೆಯಲ್ಲಿ ಡಿಕಾಕ್ಷನ್ ಸೋಸುತ್ತಿದ್ದರು. ಫಿಲ್ಟರು ಅವರಿಗೆ ಆಗದು. ಬಿಳಿ ಬಟ್ಟೆಯ ಚೌಕ, ನಾಲ್ಕು ಮೂಲೆ ಒಟ್ಟು ಹಿಡಿದು, ಆತುರವಿಲ್ಲದೆ, ಒಂಚೂರು ಚರಟವೂ ಕೆಳಗೆ ಬೀಳದ ಹಾಗೆ.

"ಅವತ್ತಿನ್ ನೀರ್ನೂ ಹಿಂಗೇ ಸೋಸ್ದೆ ಕಣಪ್ಪ" ಅಂದರು. ಹೇಳಿದ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು.

"ಯಾವ್ ನೀರು?"

"ಅದೇ, ನಿಮ್ಮಕ್ಕಂದು. ಬೆಳಗ್ಗೆ ಫ್ರಿಜ್ಜಿಂದ ತೆಗದ್ ನೋಡ್ತೀನಿ, ಒಳಗೆ ಜೇಡರ ಬಲೆ ಥರ ಎಂಥದೋ ಕಟ್ಕಂಡೈತೆ. ನಾನ್ ಇಟ್ಟ್ ಜಾಗದಾಗೇ ಏನೋ ಹಾಳಾಯ್ತು ಅಂದ್ಕಂಡೆ. ಹೊಸಾ ಬಟ್ಟೆ ಹರ್ದು, ಕುದಿಯೋ ನೀರಲ್ ಅದ್ದಿ, ಆರಿಸಿ, ಸೋಸಿ, ಬಾಟ್ಲೀನೂ ತೊಳ್ದು ಹಾಕ್ದೆ. ಕೊಡೋ ಸ್ಯಾಂಪಲ್ ಚೆಂದಾಗಿರ್ಬೇಕಲ್ಲ. ನೀನೂ ನೋಡ್ದಲ್ಲ, ಎಷ್ಟ್ ತಿಳಿಯಾಗಿತ್ತು."

ನಾನು ಅವರ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ್ದು ಅವರಿಗೆ ಗೊತ್ತಾಯಿತು.

"ಥೂ, ಅದಲ್ಲ ಮಾರಾಯ. ಅದ್ನ ಅವತ್ತೇ ಹಲಸಿನ್ ಬುಡದಾಗೆ ಹೂತ್ಹಾಕ್ಬುಟ್ಟೆ. ಕುಡಿ, ಏನಾಗಲ್ಲ."

ಕುಡಿದೆ. ಹೇಗೆ ಹೇಳುವುದೆಂದು ಯೋಚಿಸುತ್ತಲೇ ಪೂರ್ತಿ ಲೋಟ ಕುಡಿದೆ. ಆ ಗಳಿಗೆಯಲ್ಲಿ ನಾನು ಭಾವನಿಗೆ ಏನಾದರೂ ಕಟುವಾಗಿ ಅಂದೆನೇ? ಇಲ್ಲ ಎಂದು ನೆನಪು. ಅಂದಿದ್ದರೆ ಅವರಂತೂ ಅದನ್ನು ಯಾರಿಗೂ ಹೇಳುವವರಲ್ಲ.

ಜಗಲಿಗೆ ಬಂದು ಅಕ್ಕನಿಗೆ ಮೆಲ್ಲಗೆ ಹೇಳಿದೆ. ಅವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ಬಾಗಿಲಲ್ಲಿ ಬಟ್ಟೆ ಹಿಡಿದು ನಿಂತಿದ್ದ ಗಂಡನನ್ನು. ನಕ್ಕರು. ನಕ್ಕರೆ ಪಕ್ಕೆ ಚುಚ್ಚುತ್ತಿತ್ತು, ಕೈಯಲ್ಲಿ ಒತ್ತಿ ಹಿಡಿದು ಮತ್ತೆ ನಕ್ಕರು. ಕಣ್ಣಲ್ಲಿ ನೀರು ಬಂತು.

"ಮೂವತ್ ವರ್ಷ ಲೋಕಕ್ಕೆಲ್ಲ ಹೇಳ್ದೆ, ಬಲೆ ಬಿಸಾಕ್ಬ್ಯಾಡಿ, ಬಲೆ ಬಿಸಾಕ್ಬ್ಯಾಡಿ ಅಂತ. ಮನೆಯೋನಿಗ್ ಹೇಳ್ಲಿಲ್ಲ ನೋಡು."

"ಏನಾಯ್ತೀಗ?" ಅಂದರು ಭಾವ.

"ಏನಿಲ್ಲ ಬನ್ನಿ. ಕರಿಬೀಜ ಹುಡ್ಕಾಕೆ ಕಳಿಸಿದ್ರೆ, ಕರಿಬೀಜಾನೇ ಆರ್ಸಿ ಬಿಸಾಕಿ ಬಂದೀರಿ. ಸ್ಟೋರಿನ್ ಬುದ್ಧಿ."

ಭಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ಅವರು ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟರು. ಅಕ್ಕ ನಗು ನಿಲ್ಲಿಸಿ, ಬಲಗೈ ಚಾಚಿ ಅವರ ಮೊಣಕಾಲು ಮುಟ್ಟಿದರು. "ನಿಮ್ ಸ್ಯಾಂಪಲ್ ಚೆಂದಾಗೇ ಇತ್ತು" ಅಂದರು. ಆಮೇಲೆ ನನ್ನ ಕಡೆ ತಿರುಗಿ, ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ, ಲ್ಯಾಬಿನ ಹಳೆಯ ದನಿಯಲ್ಲಿ ಹೇಳಿದರು: "ಸರಿ, ಇನ್ನೊಂದ್ ಸಲ ತೆಗ್ಸಣ. ಈ ಸಲ ನಾನೇ ನೋಡ್ತೀನಿ."

ಅವರಿಗೆ ಬೇಕಾದ "ಇಲ್ಲ" ಕೈಯಲ್ಲೇ ಇತ್ತು. ಸುಮ್ಮನಿರಬಹುದಿತ್ತು. ಆದರೆ ಸರಿಯಾಗಿ ನೋಡದ ಸ್ಯಾಂಪಲ್ಲಿನ ಮೇಲೆ "ಇಲ್ಲ" ಎಂದು ಬರೆಸಿಕೊಳ್ಳುವುದು ಅವರಿಂದಾಗಲಿಲ್ಲ ಅಂತ ಕಾಣುತ್ತದೆ.

ಆ ವಾರವೇ ಡಾಕ್ಟರು ಎರಡನೇ ಸಲ ನೀರು ತೆಗೆದರು. ಒಂದು ರಾತ್ರಿ ಇಟ್ಟು, ಮಾರನೆಯ ಮಧ್ಯಾಹ್ನ ಇಬ್ಬರೂ ನಮ್ಮ ಲ್ಯಾಬಿಗೆ ಬಂದರು. ಭಾವ ಬಾಟಲಿಯನ್ನು ಎರಡು ಕೈಯಲ್ಲಿ ಅಲ್ಲಾಡದಂತೆ ಹಿಡಿದುಕೊಂಡಿದ್ದರು. ಒಳಗೆ ಬಲೆ ಇತ್ತು, ಬೂದುಬಿಳಿ, ತೆಳ್ಳಗೆ ತೂಗುತ್ತಿತ್ತು. ಮಿಶನ್ ಮಾತ್ರ ಇದ್ದೂ ಇಲ್ಲದಂತಿತ್ತು: ಹಿಂದಿನ ವಾರ ಕಾರ್ಟ್ರಿಡ್ಜ್ ಮುಗಿದಿದ್ದವು, ಯಾವಾಗ ಬರುತ್ತವೆಂದು ಯಾರಿಗೂ ಗೊತ್ತಿರಲಿಲ್ಲ. ಅರ್ಧ ಎತ್ತಿಡೋಣ ಎಂದು ನಾನು ಹೇಳಿದೆ. ಅಕ್ಕ ಬಲೆಯನ್ನು ಬೆಳಕಿಗೆ ಹಿಡಿದು, "ಇಷ್ಟೇ ಇಷ್ಟು. ಇದನ್ನೂ ಪಾಲ್ ಮಾಡಿದ್ರೆ ಯಾರಿಗೂ ಸಿಗಲ್ಲ" ಅಂದರು. ಪೂರ್ತಿ ಗಾಜಿಗೆ ಹೋಯಿತು.

ಸೂಜಿಯ ಮೊನೆಯಲ್ಲಿ ಎಳೆ ಎಳೆಯಾಗಿ ಬಿಡಿಸಿ ಮೂರು ಗಾಜುಗಳ ಮೇಲೆ ಅವರೇ ಸವರಿದರು. ಬಣ್ಣ ನಾನು ಹಾಕಿದೆ. ತಮ್ಮ ಹಳೆಯ ಸ್ಟೂಲಿನ ಮೇಲೆ ಕೂತು, ನೋವಿದ್ದ ಪಕ್ಕೆಗೆ ಭಾವನ ಶಾಲು ಮಡಿಸಿ ಒತ್ತಿಕೊಂಡು ಬಗ್ಗಿದರು. ತುಟಿ ಅಲ್ಲಾಡತೊಡಗಿತು. ಭಾವ ಬಾಗಿಲಲ್ಲಿ ನಿಂತಿದ್ದರು. ಅಕ್ಕ ಮೊದಲ ಗಾಜು ಮುಗಿಸಿದರು, ಎರಡನೆಯದು ಮುಗಿಸಿದರು. ಪ್ರತಿ ಸಲವೂ ಇಲ್ಲವೆಂದು ತಲೆಯಾಡಿಸಿದರು. ನನಗೆ ಒಂದು ಕಡೆ ಸಮಾಧಾನವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಅಕ್ಕನ ಮನಸ್ಸಿನಂತೆ ಆಗಲಿ ಎಂಬ ಆಸೆ. ಡಾಕ್ಟರು ಹೇಳಿದ್ದು ಸರಿ ಎಂಬುದೂ ಗೊತ್ತಿತ್ತು.

ಮೂರನೆಯ ಗಾಜಿನಲ್ಲಿ ತುಟಿ ನಿಂತಿತು.

ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಗಾಜನ್ನು ಕದಲಿಸದೆ ಹಿಂದೆ ಸರಿದು, "ನೋಡು ಎಮ್ಮೆಸ್ಸಿ" ಅಂದರು.

ನಾನು ಬಗ್ಗಿದೆ. ಇಲ್ಲಿಂದ ಮುಂದೆ ನನ್ನ ಎರಡು ಚಿತ್ರಗಳು ಶುರುವಾಗುತ್ತವೆ. ಕಡ್ಡಿ ಕಂಡಿತು, ಅಥವಾ ನೀಲಿ ಮಾತ್ರ ಕಂಡಿತು. "ಹೌದಕ್ಕ, ಐತೆ" ಅಂದೆ. ಅವರು ಬದುಕಬೇಕೆಂದು ಹೇಳಿದೆನೋ, ಕಂಡದ್ದಕ್ಕೆ ಹೇಳಿದೆನೋ. ಇನ್ನೂ ಒಂದು ಅನುಮಾನವಿತ್ತು, ಅದನ್ನು ಎಷ್ಟೋ ದಿನ ಯಾರಿಗೂ ಹೇಳಲಿಲ್ಲ: ಅಕ್ಕನಿಗಾದರೂ ಕಂಡಿತ್ತೇ? ಹೊಸಿಲ ಮೇಲೆ ಕೂತ ಗಂಡನನ್ನು ನೋಡಿದ ಮೇಲೆ, ಮದ್ದು ತೆಗೆದುಕೊಳ್ಳುವುದೆಂದು ಮೊದಲೇ ತೀರ್ಮಾನಿಸಿ, ತಮ್ಮ ಹಠ ಇಳಿಸಲು ಒಂದು ನೆಪ ಮಾಡಿಕೊಂಡರೇ?

ಅವರು ವಜ್ರದ ಮೊನೆಯ ಪೆನ್ಸಿಲ್ ತೆಗೆದುಕೊಂಡು ಮೈಕ್ರೋಸ್ಕೋಪಿನ ತಟ್ಟೆಯ ಅಂಚಿನ ಅಳತೆಪಟ್ಟಿಗಳನ್ನು ಓದಿ, ಗಾಜಿನ ಮೂಲೆಯಲ್ಲಿ ಎರಡು ಸಂಖ್ಯೆ ಗೀಚಿದರು. ಸಿಕ್ಕಿದ ಜಾಗದ ಗುರುತು. ಅದು ಅವರ ಮೂವತ್ತು ವರ್ಷದ ರೂಢಿ. ಬಾಗಿಲ ಕಡೆ ತಿರುಗಿ ಗಂಡನಿಗೆ ಹೇಳಿದರು: "ಒಂದೇ ಒಂದೈತೆ. ನಡೀರಿ, ಮದ್ ಬರ್ಸಣ. ಬೀಗರಿಗೆ ನಾನೇ ಫೋನ್ ಮಾಡ್ತೀನಿ."

ಫೋನ್ ಅವರೇ ಮಾಡಿದರು. ಹೆದರಿದಂತೆಯೇ ಆಯಿತು, ಮಗಳನ್ನು ಕಳಿಸಲಿಲ್ಲ. ಹೆರಿಗೆ ಗಂಡನ ಮನೆಯ ಕಡೆಯೇ ಆಯಿತು. ಅಕ್ಕ ಕಿತ್ತಳೆ ಬಣ್ಣದ ಮೂತ್ರ, ನಾಲಿಗೆಯ ಕಹಿ ಎಲ್ಲವನ್ನೂ ಬೈದುಕೊಂಡು ಮಾತ್ರೆ ನುಂಗಿದರು. ಭಾವ ದಿನಾ ಅವನ್ನು ತಟ್ಟೆಯಲ್ಲಿ ಹಾಕಿ, ಒಡೆದದ್ದಿದ್ದರೆ ಪಕ್ಕಕ್ಕಿಟ್ಟು, ಆರಿಸಿ ಕೊಡುತ್ತಿದ್ದರಂತೆ. ಜ್ವರ ಬಿಟ್ಟಿತು, ನೀರು ಇಂಗಿತು. ಮಗುವಿಗೆ ಮೂರು ತಿಂಗಳಾದಾಗ ಬೀಗರು ತಾವೇ ಕರೆತಂದು ಬಿಟ್ಟುಹೋದರು. ಕಫದಲ್ಲಿ ಕ್ರಿಮಿ ಇರಲಿಲ್ಲ, ಅಷ್ಟು ದಿನ ಕಾಯಬೇಕಿರಲಿಲ್ಲ, ಎಂದೋ ಎತ್ತಿಕೊಳ್ಳಬಹುದಿತ್ತು. ನಾನು ಹೋದ ದಿನ ಅಕ್ಕ ಬಚ್ಚಲಲ್ಲಿ ಕಾಲು ಚಾಚಿ ಕೂತು ಮಗುವನ್ನು ಮಲಗಿಸಿಕೊಂಡಿದ್ದರು. ಭಾವ ನೀರು ಹದ ಮಾಡಿ ಕೊಡುತ್ತಿದ್ದರು. "ಸೋಸಿದ್ರಾ?" ಎಂದು ಅಕ್ಕ ಒಳಗಿಂದ ಕೇಳಿದ್ದು, ಭಾವ "ಸುಮ್ಕಿರೆ" ಅಂದದ್ದು ಕೇಳಿಸಿತು.

ನೋಟ್‌ಬುಕ್ಕಿನಲ್ಲಿ ಆ ಪ್ರಕರಣವನ್ನು ಹೇಗೆ ಬರೆಯುವುದೆಂದು ತಿಳಿಯಲಿಲ್ಲ. ಗಾಜು ಕಂಡಿತು, ಮಿಶನ್ ಕಾಣಲಿಲ್ಲ ಎಂದು ಬರೆದರೆ ಮೋಸ. ಮಿಶನ್‌ಗೆ ನಾವು ಕೊಟ್ಟದ್ದು ಸೋಸಿದ ನೀರು. ಬಲೆಯನ್ನು ಅದಕ್ಕೆ ಕೊಟ್ಟಿದ್ದರೆ ಏನು ಹೇಳುತ್ತಿತ್ತೋ. ಅದು ಹೋಲಿಕೆಯೇ ಅಲ್ಲ. ಆ ಸಾಲನ್ನು ಖಾಲಿ ಬಿಟ್ಟು, ಕೊನೆಯ ಕಾಲಮ್ಮಿನಲ್ಲಿ "ಗುಣವಾದರು" ಎಂದಷ್ಟೇ ಬರೆದೆ. ಈಗ ಯಾರು ಎದೆನೀರು ತಂದರೂ ಬಾಟಲಿ ಕೈಗೆ ತೆಗೆದುಕೊಳ್ಳುವ ಮೊದಲು, ಏನಾದರೂ ತೆಗೆದಿರಾ, ಸೋಸಿದಿರಾ ಎಂದು ಕೇಳುತ್ತೇನೆ.

ಆ ಮೂರನೆಯ ಗಾಜು ನನ್ನ ಡ್ರಾಯರಿನಲ್ಲೇ ಉಳಿಯಿತು. ಯಾವ ದಿನ ಬೇಕಾದರೂ ತೆಗೆದು ನೋಡಬಹುದಿತ್ತು. ಎಲ್ಲರ ಮಾತಿಗೂ ಸಾಕ್ಷಿ ಕೇಳುವ ನಾನು ವರ್ಷಗಟ್ಟಲೆ ನೋಡಲಿಲ್ಲ. ಇಲ್ಲದಿದ್ದರೆ ಎಂಬ ಭಯ.

ಹೋದ ವರ್ಷ ಲ್ಯಾಬು ಹೊಸ ಕಟ್ಟಡಕ್ಕೆ ಹೋಯಿತು. ಅಕ್ಕನ ಮೈಕ್ರೋಸ್ಕೋಪನ್ನು ಗುಜರಿಗೆ ಬರೆದರು. ಗಾಜಿನ ಮೇಲಿನ ಸಂಖ್ಯೆಗಳಿಗೆ ಅರ್ಥ ಇರುವುದು ಆ ಒಂದು ಮೈಕ್ರೋಸ್ಕೋಪಿನ ತಟ್ಟೆಯ ಮೇಲೆ ಮಾತ್ರ. ಅದು ಹೋದರೆ ಮುಗಿಯಿತು. ಅದನ್ನು ಸಾಗಿಸುವ ಹಿಂದಿನ ದಿನ ಗಾಜನ್ನು ತೆಗೆದು, ಮಸೂರದ ಕೆಳಗೆ ಹಾಕಿದ್ದ ಹಳೆಯ ಎಣ್ಣೆ ಒರೆಸಿ, ಹೊಸ ತೊಟ್ಟು ಹಾಕಿ, ತಟ್ಟೆಯನ್ನು ಅವರು ಗೀಚಿದ ಸಂಖ್ಯೆಗಳಿಗೆ ತಂದು ನಿಲ್ಲಿಸಿದೆ. ನಾನು ನೋಡಲಿಲ್ಲ. ನನ್ನ ಕಣ್ಣಿಗೆ ಬೇಕಾದದ್ದು ಕಂಡುಬಿಡಬಹುದು. ಹೊಸದಾಗಿ ಸೇರಿದ ಟೆಕ್ನಿಷಿಯನ್ ಒಬ್ಬಳನ್ನು ಕರೆದು, ಯಾರದು, ಯಾವಾಗಿನದು ಎಂದು ಏನೂ ಹೇಳದೆ, ಏನು ಕಾಣುತ್ತದೆ ನೋಡಮ್ಮ ಅಂದೆ. ಅವಳು ಬಗ್ಗಿ, ಕೂದಲೆಳೆಯಷ್ಟು ಫೋಕಸ್ ತಿರುಗಿಸಿ, "ಕಡ್ಡಿ ಐತೆ ಸಾರ್, ಒಂದೇ. ಬಣ್ಣ ಮಾಸೈತೆ. ಒಂದ್ ತುದಿ ಬಗ್ಗೈತೆ" ಅಂದಳು.

ಅವತ್ತು ನಾನು ಅದನ್ನು ಕಂಡೆನೋ ಇಲ್ಲವೋ, ಅದು ಇದರಿಂದ ತೀರ್ಮಾನವಾಗುವುದಿಲ್ಲ. ಅಕ್ಕ ಹೇಳಿದ ಜಾಗದಲ್ಲಿ ಅದು ಇತ್ತು.